ಓದುಗರ ಪ್ರಶ್ನೆ: ಸಿನಿಮಾ ಮತ್ತು ಸತ್ಯವೇದ

ಪ್ರಶ್ನೆ: ನಮ್ಮ ಚರ್ಚಿನ ಯುವಕ ಸಂಘದವರು ತಿಂಗಳಿಗೊಂದು ಸಿನಿಮಾ ನೋಡಿ ಚರ್ಚೆ ಮಾಡ್ತೇವೆ. ಅರ್ಧ ಮಂದಿ ‘ಛಲೋ ಇತ್ತು’ ಅಂತಾರೆ, ಉಳಿದವರು ಕುಡಿತ, ಕುಣಿತ ಲೆಕ್ಕ ಹಾಕ್ತಾರೆ. ಚರ್ಚೆ ಮುಂದೆ ಹೋಗೋದೇ ಇಲ್ಲ.
– ಕ್ಯಾಂಪ್, ಬೆಳಗಾವಿ

ಉತ್ತರ: ಮೂರು ತಾಸು ಕೂತೆದ್ದವರಿಗೆ ಬೇಕಾಗಿರುವುದು ಚಹಾ, ಚರ್ಚೆಯಲ್ಲ. ಇಡೀ ಚಿತ್ರವನ್ನು ಎಲ್ಲರೂ ಮನೆಯಲ್ಲೇ ನೋಡಿ ಬರಲಿ. ಸಭೆಯಲ್ಲಿ ಆರೇಳು ನಿಮಿಷದ ಒಂದೇ ದೃಶ್ಯವನ್ನು ಎರಡು ಸಲ ಹಾಕಿ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇರಲಿ. ಮೊದಲು ಕಂಡದ್ದನ್ನಷ್ಟೇ ಹೇಳಿಸಿ: ಯಾರು ಎಲ್ಲಿ ನಿಂತಿದ್ದರು, ಯಾರು ಸುಮ್ಮನಿದ್ದರು. ಆಮೇಲೆ, ಚಿತ್ರ ಯಾರ ಪರ ನಮ್ಮ ಕಣ್ಣಲ್ಲಿ ನೀರು ತರಿಸುತ್ತಿದೆ ಎಂದು ಕೇಳಿ. ಸತ್ಯವೇದ (ಬೈಬಲ್) ತೆರೆಯುವುದು ಇದಾದ ಮೇಲೆಯೇ. ಮೊದಲೇ ತೆರೆದರೆ ಸಿನಿಮಾ ಚರ್ಚಿನ ಪ್ರಸಂಗಕ್ಕೊಂದು ಉದಾಹರಣೆಯಾಗಿ ಸೊರಗುತ್ತದೆ.

1972ರ ‘ಬಂಗಾರದ ಮನುಷ್ಯ’ದ ಕೊನೆ ತೆಗೆದುಕೊಳ್ಳಿ. ಅಕ್ಕನ ಮಗನ ಚುಚ್ಚುಮಾತಿಗೆ ರಾಜೀವ ಊಟ ಬಿಟ್ಟೆದ್ದು ಊರನ್ನೇ ತೊರೆಯುತ್ತಾನೆ. ಯಾರಾದರೂ ತಕ್ಷಣ ಯೆಶಾಯ 53:7 ಹೇಳಿಯೇ ಹೇಳುತ್ತಾರೆ: ಬಾಯಿ ತೆರೆಯದ ಕುರಿ, ಅಂದರೆ ಮೌನವಾಗಿ ನೋವುಂಡ ಕ್ರಿಸ್ತ. ನೊಂದವರನ್ನೆಲ್ಲ ಕ್ರಿಸ್ತನಾಗಿಸುವ ಈ ಅವಸರವೇ ಚರ್ಚೆಯನ್ನು ಕೊಲ್ಲುವುದು. ಆಗ ಮತ್ತಾಯ 18:15 ಓದಿಸಿ. ತಪ್ಪು ಮಾಡಿದ ಸಹೋದರನ ಬಳಿ ಹೋಗಿ, ಇಬ್ಬರೇ ಇರುವಾಗ ಅದನ್ನು ತಿಳಿಸು ಎನ್ನುತ್ತದೆ ಅದು. ರಾಜೀವ ಹಾಗೆ ಮಾಡಲಿಲ್ಲವಲ್ಲ? ಅವನ ಮೌನ ಕ್ಷಮೆಯೋ, ಸ್ವಾಭಿಮಾನವೋ? ಅವನು ಹೋದ ಮೇಲೆ ಹುಡುಗನಿಗೆ ತಪ್ಪೊಪ್ಪಿಕೊಳ್ಳಲು ಯಾರು ಉಳಿದರು? ರಾಜಕುಮಾರ್ ಅಭಿಮಾನಿಗಳು ಸಿಟ್ಟಾಗಬಹುದು, ಆಗಲಿ ಬಿಡಿ. ಹದಿನೈದು ಜನ ದಾಟಿದರೆ ಎರಡು ಗುಂಪು ಮಾಡಿ. ಇಲ್ಲದಿದ್ದರೆ ಮಾತಾಡುವವರು ನಾಲ್ಕೇ ಮಂದಿ.

ಪ್ರಶ್ನೆ: ಟಿಕೆಟ್ ಇಲ್ಲದೆ, ನಮ್ಮ ಓಟಿಟಿ ಖಾತೆಯಿಂದಲೇ ಸಭಾಭವನದಲ್ಲಿ ಚಿತ್ರ ತೋರಿಸಬಹುದೇ?
– ಬೈಲಹೊಂಗಲ

ಉತ್ತರ: ಆ ಚಂದಾ ಮನೆಮಂದಿಯ ವೀಕ್ಷಣೆಗೆ ಮಾತ್ರ. ಭವನದಲ್ಲಿ ಪೂರ್ತಿ ಚಿತ್ರ ಹಾಕಲು ಹಕ್ಕುದಾರರ ಲಿಖಿತ ಅನುಮತಿ ಪಡೆಯಿರಿ. ದುಡ್ಡು ತೆಗೆದುಕೊಳ್ಳಲಿಲ್ಲ ಎಂಬುದು ಅದಕ್ಕೆ ಬದಲಲ್ಲ. ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ ನಿಜ, ಆದರೆ ಮೂರು ತಾಸಿನ ಚಿತ್ರಕ್ಕೆ ಅದನ್ನು ಎಳೆಯಬೇಡಿ. ಮಕ್ಕಳೂ ಬರುವುದಾದರೆ ಚಿತ್ರದ ಸೆನ್ಸಾರ್ ಪ್ರಮಾಣಪತ್ರ ನೋಡಿ: 2024ರ ನಿಯಮಗಳ ಪ್ರಕಾರ ಯುಎ (ಹೆತ್ತವರ ಮಾರ್ಗದರ್ಶನದಲ್ಲಿ ನೋಡುವ) ದರ್ಜೆಯಲ್ಲೇ 7, 13, 16 ವರ್ಷ ಎಂಬ ಮೂರು ಮೆಟ್ಟಿಲುಗಳಿವೆ.

ಪ್ರಶ್ನೆ: ಹಾಲ್‌ನಲ್ಲಿ ಸಂಭಾಷಣೆಯೇ ತಿಳಿಯೋದಿಲ್ಲ.
– ಖಾನಾಪುರ

ಉತ್ತರ: ತಗಡಿನ ಛಾವಣಿಯಾದರೆ ಜುಲೈ ಮಳೆಯಲ್ಲಿ ಯಾವ ಸ್ಪೀಕರೂ ಗೆಲ್ಲದು, ಆ ತಿಂಗಳುಗಳಲ್ಲಿ ಯಾರದಾದರೂ ಮನೆಯಲ್ಲಿ ಸೇರಿ. ಬೇರೆ ದಿನ ಕೇಳಿಸದಿದ್ದರೆ ಅದು ಬೋಳು ಗೋಡೆಗಳ ಪ್ರತಿಧ್ವನಿ. ದನಿ ಏರಿಸಿದಷ್ಟೂ ಕೆಡುತ್ತದೆ. ಸ್ಪೀಕರನ್ನು ಕಿವಿಯ ಎತ್ತರಕ್ಕೆ, ಜನರ ಹತ್ತಿರಕ್ಕೆ ತನ್ನಿ. ಹಿಂದಿನ ಗೋಡೆಗೆ ಎರಡು ದಪ್ಪ ಜಮಖಾನೆ ತೂಗುಹಾಕಿ.