ಎಂಟನೇ ತಿಂಗಳ ಬೇಸರ

ಬಳ್ಳಾರಿಯ ಕೌಲ್ ಬಜಾರಿನಿಂದ ಒಬ್ಬ ಓದುಗರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ನನ್ನ ತಮ್ಮ ಪಿಯುಸಿ ಮುಗಿಸಿ ಜೀನ್ಸ್ ಯೂನಿಟ್‌ಗೆ ಸೇರಿ ಎಂಟು ತಿಂಗಳಾಯಿತು. ದಿನಾ ಹಿಂದಿನ ಜೇಬು ಕೂಡಿಸುವುದೇ ಕೆಲಸ. ಬೇಸರ ಬಂದಿದೆ, ಮೂರು ತಿಂಗಳ ಮೊಬೈಲ್ ರಿಪೇರಿ ಕೋರ್ಸಿಗೆ ಹೋಗುತ್ತೇನೆ ಅನ್ನುತ್ತಾನೆ. ಒಂದನ್ನೇ ಹಿಡಿದು ಕೂತವರ ಕಾಲ ಹೋಯಿತು, ಈಗ ಹತ್ತು ಗೊತ್ತಿರಬೇಕಂತೆ. ಬಳ್ಳಾರಿ ರಾಘವರು ವಕೀಲರೂ ಹೌದು, ನಟರೂ ಹೌದು ಅಂತ ನನಗೇ ತಿರುಗಿ ಹೇಳುತ್ತಾನೆ. ನಾನೇನು ಹೇಳಲಿ?"

ತಂಗೀ, ನಿಮ್ಮ ತಮ್ಮ ಜಾಣ. ಜಗಳಕ್ಕೆ ರಾಘವರನ್ನು ಸಾಕ್ಷಿ ಕರೆಯುವ ಹುಡುಗ ಈ ಕಾಲದಲ್ಲಿ ಸಿಗುವುದೇ ಕಷ್ಟ. ಅವನ ಮಾತಿಗೆ ಸಲ್ಲಬೇಕಾದ್ದು ಮೊದಲು ಸಲ್ಲಲಿ. ಎರಡು ಕಸುಬು ಬಲ್ಲವನಿಗೆ ಒಂದು ಕೈಕೊಟ್ಟಾಗ ಇನ್ನೊಂದು ಅನ್ನ ಹಾಕುತ್ತದೆ, ಒಪ್ಪಿದೆ. ಆದರೆ ರಾಘವರ ಲೆಕ್ಕ ಬೇರೆ. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಆ ಮನುಷ್ಯನಿಗೆ ಕೋರ್ಟಿನಲ್ಲೂ ರಂಗದ ಮೇಲೂ ಬಂಡವಾಳ ಒಂದೇ: ದನಿ, ಮತ್ತು ಎದುರಿಗೆ ಕೂತವರ ಮುಖ ಓದುವ ಕಣ್ಣು. ಎರಡನ್ನೂ ದಶಕಗಳ ಕಾಲ ದುಡಿಸಿಕೊಂಡರು. ಜೇಬು ಬಿಟ್ಟು ಮೊಬೈಲಿಗೆ ಹಾರುವುದಕ್ಕೆ ಅವರನ್ನು ಎಳೆದು ತಂದರೆ ಹೇಗೆ?

ಇನ್ನು ಜೇಬಿನ ವಿಷಯ. ಹಿಂದಿನ ಜೇಬು ಕೂಡಿಸುವುದು ಚಿಲ್ಲರೆ ಕೆಲಸ ಎಂದು ನಿಮ್ಮ ತಮ್ಮನಿಗೆ ಅನ್ನಿಸಿದೆ. ಹಾಗಾದರೆ ಅವನನ್ನು ಒಂದು ಪ್ರಶ್ನೆ ಕೇಳಿ: ಜೇಬಿನ ಬಾಯಿಯ ಮೂಲೆಯಲ್ಲಿ ಎಷ್ಟು ಪದರ ಬಟ್ಟೆ ಇರುತ್ತದೆ? ಬಾಯಿಯನ್ನು ಎರಡು ಸಲ ಮಡಿಚಿದಾಗ ಮೂರು, ಅದರ ಮೇಲೆ ಪಕ್ಕದ ಅಂಚು ಒಳಕ್ಕೆ ಮಡಿಚಿದಾಗ ಆರು, ಕೆಳಗಿನ ಪ್ಯಾಂಟಿನ ಬಟ್ಟೆ ಸೇರಿ ಏಳು. ಮೂರು ಪದರದ ಮೇಲೆ ಓಡುತ್ತಿದ್ದ ಸೂಜಿ ಥಟ್ಟನೆ ಏಳು ಪದರ ಹತ್ತಬೇಕು. ಆಗ ಬಟ್ಟೆಯನ್ನು ಒತ್ತಿ ಹಿಡಿಯುವ ಮೆಷಿನ್ನಿನ ಪಾದ ವಾಲುತ್ತದೆ, ಸೂಜಿ ಒಂದು ಕೂದಲೆಳೆಯಷ್ಟು ಬಾಗುತ್ತದೆ, ಕೆಳಗಿನ ಹುಕ್ಕಿಗೆ ದಾರದ ಕುಣಿಕೆ ಸಿಗುವುದಿಲ್ಲ, ಹೊಲಿಗೆ ಬಿಟ್ಟುಹೋಗುತ್ತದೆ. ಹೊಸಬ ಇಲ್ಲಿ ಪೆಡಲನ್ನು ಇನ್ನೂ ಜೋರಾಗಿ ಒತ್ತುತ್ತಾನೆ, ಸೂಜಿ ಮುರಿಯುತ್ತದೆ. ಬಲ್ಲವನು ಮೂಲೆಯನ್ನು ಸುತ್ತಿಗೆಯಿಂದ ಎರಡು ಸಲ ತಟ್ಟಿ ಚಪ್ಪಟೆ ಮಾಡಿ, ವೇಗ ಇಳಿಸಿ ದಾಟುತ್ತಾನೆ. ಆಗಲೂ ಹೊಲಿಗೆ ಬಿಟ್ಟರೆ 16ನೇ ನಂಬರಿನ ಸೂಜಿ ತೆಗೆದು ಇನ್ನೂ ದಪ್ಪನೆಯ 18 ಹಾಕುತ್ತಾನೆ. ಅದಕ್ಕೂ ಬಗ್ಗದಿದ್ದರೆ ಹುಕ್ಕಿನ ಟೈಮಿಂಗ್, ಅಂದರೆ ಹುಕ್ಕು ಸೂಜಿಯ ಹತ್ತಿರ ಬರುವ ಹೊತ್ತು, ತಪ್ಪಿದೆ ಎಂದು ಮೆಕ್ಯಾನಿಕ್‌ನನ್ನು ಕರೆಯುತ್ತಾನೆ. ದಾರ ಪದೇ ಪದೇ ಕಡಿದು ತುದಿ ಕರಗಿದಂತೆ ಗಂಟಾಗಿದ್ದರೆ ಕಾರಣ ಇನ್ನೊಂದು: ವೇಗಕ್ಕೆ ಸೂಜಿ ಕಾದು ಪಾಲಿಯೆಸ್ಟರ್ ದಾರವನ್ನು ಸುಡುತ್ತಿದೆ.

ಎಂಟು ತಿಂಗಳಲ್ಲಿ ಕೈ ಕಲಿತಿರುತ್ತದೆ, ಕಾರಣ ಹುಡುಕುವ ಕಣ್ಣು ಇನ್ನೂ ತೆರೆದಿರುವುದಿಲ್ಲ. ಬೇಸರ ಹುಟ್ಟುವುದು ಅಲ್ಲೇ. ಆ ಹೊತ್ತಿಗೇ ಎದ್ದು ಹೋದವನು ಹೋದಲ್ಲೆಲ್ಲ ಮೊದಲ ಎಂಟು ತಿಂಗಳನ್ನೇ ಮತ್ತೆ ಮತ್ತೆ ಕಲಿಯುತ್ತಾನೆ.

ಈ ಕಸುಬಿನಲ್ಲಿ ಇನ್ನೊಂದು ಕಷ್ಟವಿದೆ. ತಪ್ಪು ಹೊಲಿಯುವಾಗ ಕಾಣುವುದಿಲ್ಲ, ವಾಷಿಂಗ್ ಆದ ಮೇಲೆ ಕಾಣುತ್ತದೆ. ಪಕ್ಕದ ಹೊಲಿಗೆ ಹಾಕುವವನು ಮೇಲಿನ ಪದರವನ್ನು ಎಳೆದು ಹಿಡಿದು ಕೆಳಗಿನದನ್ನು ಸಡಿಲ ಬಿಟ್ಟ ಎನ್ನಿ. ಮೊಣಕಾಲಿನ ಹತ್ತಿರದ ಗುರುತುಗಳು ಒಂದಕ್ಕೊಂದು ಕೂಡುವುದಿಲ್ಲ, ಪಾದದ ಹತ್ತಿರ ಅರ್ಧ ಇಂಚು ಉಳಿಯುತ್ತದೆ. ಅದನ್ನು ಕತ್ತರಿಸಿ ಮಡಿಚಿಬಿಟ್ಟರೆ ಟೇಬಲ್ ಮೇಲೆ ಪ್ಯಾಂಟು ನೆಟ್ಟಗೇ ಕಾಣುತ್ತದೆ. ನೀರು ಕಂಡ ಮೇಲೆ ಪಕ್ಕದ ಹೊಲಿಗೆ ತಿರುಚಿಕೊಂಡು ಮುಂಗಾಲಿಗೆ ಬಂದು ನಿಲ್ಲುತ್ತದೆ. ಜೀನ್ಸ್ ಬಟ್ಟೆಯಾದ ಡೆನಿಮ್‌ನ ನೇಯ್ಗೆಯೇ ಓರೆ, ತಿರುಚುವುದು ಅದರ ಹುಟ್ಟುಗುಣ. ಅದಕ್ಕೇ ಮಿಲ್ಲಿನಲ್ಲೇ ಬಟ್ಟೆಯನ್ನು ಸ್ವಲ್ಪ ಓರೆಗೆ ಎಳೆದು ಕಳಿಸುತ್ತಾರೆ. ಎರಡು ತಪ್ಪಿನಲ್ಲಿ ಯಾವುದು ಬಟ್ಟೆಯದು, ಯಾವುದು ಕೈಯದು ಎಂದು ಹೇಳಬಲ್ಲವನೇ ಯೂನಿಟ್ಟಿನಲ್ಲಿ ಚೆಕರ್ ಆಗುತ್ತಾನೆ, ಮುಂದೆ ಸ್ಯಾಂಪಲ್ ಟೇಲರ್ ಆಗುತ್ತಾನೆ. ತೊಳೆದು ಬಂದ ತನ್ನ ಮಾಲನ್ನು ಒಂದು ದಿನವೂ ನೋಡದವನು ಆಗುವುದು ಹೇಗೆ?

ಕಟಿಂಗ್ ಮಾಸ್ಟರ್ ಮಟ್ಟಕ್ಕೆ ಹೋದರೆ ಲೆಕ್ಕ ಇನ್ನೂ ಸೂಕ್ಷ್ಮ. ಸ್ಟ್ರೆಚ್ ಡೆನಿಮ್ ತೊಳೆದಾಗ ಅಡ್ಡಕ್ಕೆ ಶೇ. 12 ಕುಗ್ಗುತ್ತದೆ ಎಂದುಕೊಳ್ಳಿ. ತೊಳೆದ ಮೇಲೆ ಸೊಂಟ 32 ಇಂಚು ಬರಬೇಕು. ಅರ್ಧ ಕಲಿತವನು 32ಕ್ಕೆ ಶೇ. 12 ಕೂಡಿಸಿ 35.84 ಕತ್ತರಿಸುತ್ತಾನೆ. ಅದು ಕುಗ್ಗಿ 31.54 ಆಗುತ್ತದೆ, ಹತ್ತಿರ ಹತ್ತಿರ ಅರ್ಧ ಇಂಚು ಬಿಗಿ, ಇಡೀ ಲಾಟು ವಾಪಸ್. ಬಲ್ಲವನು 32ನ್ನು 0.88ರಿಂದ ಭಾಗಿಸಿ 36.36 ಎಂದು ಇಡುತ್ತಾನೆ. ಏಳನೇ ತರಗತಿಯ ಗಣಿತವೇ, ಆದರೂ ಇಲ್ಲಿ ಎಡವುತ್ತಾರೆ. ಒಂದೇ ಬಣ್ಣದ ಎರಡು ರೋಲು ಬೇರೆ ಬೇರೆಯಾಗಿ ಕುಗ್ಗುವುದೂ ಉಂಟು. ಪ್ರತಿ ರೋಲಿನಿಂದ ತುಂಡು ತೆಗೆದು ತೊಳೆದು ಅಳೆಯದೆ, ಕತ್ತರಿಸಲು ಪದರದ ಮೇಲೆ ಪದರ ಬಟ್ಟೆ ಹಾಸಿದರೆ, ಒಂದೇ ಸೈಜಿನ ಪ್ಯಾಂಟುಗಳು ಎರಡು ಸೈಜಾಗಿ ಹೊರಬರುತ್ತವೆ.

ಹಾಗಾದರೆ ತಮ್ಮ ಏನು ಮಾಡಬೇಕು? ಒಂದು ನೋಟ್‌ಬುಕ್ ತರಲಿ. ದಿನಕ್ಕೆ ಮೂರು ಅಂಕಣ: ಎಷ್ಟು ಪೀಸು, ಎಷ್ಟು ವಾಪಸ್ ಬಂತು, ಯಾಕೆ ಬಂತು. ಮೂರನೆಯದನ್ನು ಖಾಲಿ ಬಿಡಬಾರದು. ವಾಪಸ್ ಬರುವುದು ನೂರಕ್ಕೆ ಎರಡಕ್ಕೆ ಇಳಿಯುವವರೆಗೆ ವೇಗದ ಸುದ್ದಿ ಬೇಡ. ಆಮೇಲೆ ವೇಗ ಹೆಚ್ಚಿಸಲಿ. ಒಂದು ಜೋಡಿ ಜೇಬಿಗೆ 90 ಸೆಕೆಂಡ್ ಹಿಡಿದರೆ ಎಂಟು ಗಂಟೆಗೆ 320 ಪ್ಯಾಂಟು, 80ಕ್ಕೆ ಇಳಿದರೆ 360. ಅದಾದ ಮೇಲೆ ಮಾಲೀಕರ ಹತ್ತಿರ ಹೋಗಿ ಬೇರೆ ಮೆಷಿನ್ ಕೇಳಲಿ: ಮೊದಲು ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್, ನಂತರ ಕಾಲಿನ ಉದ್ದಕ್ಕೂ ಜೋಡಿ ಹೊಲಿಗೆ ಹಾಕುವ ಎರಡು ಸೂಜಿಯ ಫೀಡ್ ಆಫ್, ಕೊನೆಗೆ ಸೊಂಟದ ಪಟ್ಟಿ. ಒಂದೊಂದಕ್ಕೆ ಎರಡು ತಿಂಗಳಾದರೂ ಬೇಕು. ಹತ್ತು ಗೊತ್ತಿರಬೇಕು ಎಂಬ ಅವನ ಆಸೆ ಒಂದೇ ಪ್ಯಾಂಟಿನೊಳಗೆ ತೀರುತ್ತದೆ.

ಮೊಬೈಲ್ ರಿಪೇರಿ ಕೀಳೆಂದು ನಾನು ಹೇಳುತ್ತಿಲ್ಲ. ಮೂರು ತಿಂಗಳಲ್ಲಿ ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪೋರ್ಟ್ ಬದಲಿಸಲು ಬರುತ್ತದೆ. ಅಷ್ಟು ಬಲ್ಲವರು ಪ್ರತಿ ಬೀದಿಯಲ್ಲೂ ಇದ್ದಾರೆ. ಕಾಸು ಇರುವುದು ಬೋರ್ಡಿನಲ್ಲಿ ಶಾರ್ಟ್ ಹುಡುಕುವ ಕೆಲಸದಲ್ಲಿ. ಅಲ್ಲಿ ಬಿಸಿಗಾಳಿ ಒಂದು ಕ್ಷಣ ಹೆಚ್ಚಾದರೆ ಐಸಿ ಚಿಪ್‌ನ ಜೊತೆ ಅದನ್ನು ಬೆಸೆದಿದ್ದ ಕೆಳಗಿನ ತಾಮ್ರದ ಪ್ಯಾಡೂ ಕಿತ್ತು ಬರುತ್ತದೆ. ಅದನ್ನು ಕಲಿಯಲು ವರ್ಷಗಳು ಬೇಕು, ಎಂಟನೇ ತಿಂಗಳು ಅಲ್ಲಿಯೂ ಕಾದು ಕೂತಿರುತ್ತದೆ.

ಮರದ ಗೊಂಬೆ ಮಾಡುವ ಕೊಪ್ಪಳದ ಕಿನ್ನಾಳದ ಚಿತ್ರಗಾರರನ್ನೇ ನೋಡಿ. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಸಂದು ಮುಚ್ಚಿ, ಬಿಳಿ ಬಳಿದು, ಒಣಗಿದ ಮೇಲಷ್ಟೇ ಬಣ್ಣ. ಒಣಗುವ ಮೊದಲೇ ಬಣ್ಣ ಹಚ್ಚಿದರೆ ಬಿರುಕು ಬಿಡುತ್ತದೆ. ಕಾಯುವುದೂ ಅಲ್ಲಿ ಕೆಲಸದ ಒಂದು ಭಾಗ.

ನಮ್ಮ ಊರಿಗೆ ಕಾಯುವ ಅಭ್ಯಾಸ ತಪ್ಪಿಹೋಗಿ ಬಹಳ ದಿನವಾಯಿತು. ಅದಿರಿಗೆ ಬೆಲೆ ಬಂದ ವರ್ಷಗಳಲ್ಲಿ ಹೊಲ ಬಿಟ್ಟವರು, ಅಂಗಡಿ ಬಿಟ್ಟವರು, ಹೊಲಿಗೆ ಬಿಟ್ಟವರು ಸಾಲ ಮಾಡಿ ಲಾರಿ ಕೊಂಡರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಹೊಲಿಗೆ ಯಂತ್ರ ಮಾರಿ ಹೋದವನು ತಿರುಗಿ ಬಂದಾಗ ಅವನ ಜಾಗದಲ್ಲಿ ಬೇರೆಯವರು ಕೂತಿದ್ದರು.

ತಪ್ಪೆಲ್ಲ ಹುಡುಗರದೇ ಎಂದರೆ ಅನ್ಯಾಯ. ಜೇಬಿನ ಹುಡುಗ ಜೇಬಿನಲ್ಲೇ ಇದ್ದರೆ ಲೈನು ಓಡುತ್ತದೆ ಎಂದು ಅವನನ್ನು ವರ್ಷಗಟ್ಟಲೆ ಅಲ್ಲೇ ಕೂರಿಸುವ ಮಾಲೀಕರಿದ್ದಾರೆ. ಮನೆಯ ಮೆಷಿನ್ನಿನ ಮೇಲೆ ಜಂಪರ್ ಹೊಲಿಸಿ ಸರ್ಟಿಫಿಕೇಟ್ ಕೊಡುವ ತರಬೇತಿ ಕೇಂದ್ರಗಳಿವೆ. ಅಲ್ಲಿಂದ ಬಂದವರಿಗೆ ಕರೆಂಟಿನ ಮೆಷಿನ್ ಮೇಲೆ ಕಾಲಿಡಲು ಭಯ. ಇನ್ನು ನಾವು, ಮನೆಯವರು. ಸಂಬಂಧ ನೋಡಲು ಬಂದವರಿಗೆ "ಗಾರ್ಮೆಂಟ್ಸ್‌ನಲ್ಲಿದ್ದಾನೆ" ಎಂದು ತಗ್ಗಿದ ದನಿಯಲ್ಲಿ ಹೇಳುತ್ತೇವೆ. ಆ ದನಿ ಹುಡುಗನ ಕಿವಿಗೆ ಬೀಳುವುದಿಲ್ಲವೇ ತಂಗೀ? ನಿಮ್ಮ ಪತ್ರದಲ್ಲೂ "ಬರೀ ಹೊಲಿಗೆ" ಎಂಬ ಮಾತು ಎರಡು ಸಲ ಬಂದಿದೆ, ಎಣಿಸಿದ್ದೇನೆ.

ನೋಟ್‌ಬುಕ್ ತೋರಿಸಿ ಕೇಳಿದ ಮೇಲೂ ಮಾಲೀಕರು ಆರು ತಿಂಗಳು ಬೇರೆ ಮೆಷಿನ್ ಕೊಡದಿದ್ದರೆ ಅವನು ಯೂನಿಟ್ ಬದಲಿಸಲಿ, ನನ್ನ ತಕರಾರಿಲ್ಲ. ಕೋರ್ಸಿನ ಫೀ ಕಟ್ಟುವುದನ್ನು ಮಾತ್ರ ಅಲ್ಲಿಯವರೆಗೆ ತಡೆಯಿರಿ. ಈ ಭಾನುವಾರ ಅವನ ಕೈಲಿ ಒಂದು ಮೀಟರ್ ಸ್ಟ್ರೆಚ್ ಡೆನಿಮ್ ತರಿಸಿ. ಉದ್ದಕ್ಕೂ ಅಡ್ಡಕ್ಕೂ 50 ಸೆಂಟಿಮೀಟರ್ ಅಳೆದು, ಅಳಿಸದ ಪೆನ್ನಿನಿಂದ ಗುರುತು ಹಾಕಿ, ಬಿಸಿನೀರಿನಲ್ಲಿ ಒಗೆದು, ನೆರಳಿನಲ್ಲಿ ಒಣಗಿಸಿ ಮತ್ತೆ ಅಳೆಯಲಿ. ಉದ್ದಕ್ಕೆ ಎಷ್ಟು ಹೋಯಿತು, ಅಡ್ಡಕ್ಕೆ ಎಷ್ಟು ಹೋಯಿತು, 32ರ ಸೊಂಟಕ್ಕೆ ಎಷ್ಟು ಕತ್ತರಿಸಬೇಕು ಎಂಬುದನ್ನು ಅವನ ಅಕ್ಷರದಲ್ಲೇ ಒಂದು ಕಾರ್ಡಿನ ಮೇಲೆ ಬರೆಸಿ ನಮಗೆ ಕಳಿಸಿ.