ಟೀ ಪಾರ್ಟಿ ಬೇಡ, ಗೋಲಿ ಸೋಡಾ ತನ್ನಿ

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಕೈಗಾರಿಕಾ ಕ್ರಾಂತಿ ಪಾಠ ಮುಗಿದ ಮೇಲೆ ಒಬ್ಬ ಹುಡುಗ ಎದ್ದು ನಿಂತು, 'ಅವರು ಬರೀ ಕೆಲಸಾನೇ ಮಾಡ್ತಿದ್ರಾ, ಆಟ ಪಾಟ ಏನೂ ಇರಲಿಲ್ವಾ' ಅಂತ ಕೇಳಿದ. ವಿಕ್ಟೋರಿಯಾ ರಾಣಿ ಕಾಲದ ಮನರಂಜನೆಯನ್ನು ಮಕ್ಕಳು ಮುಟ್ಟಿ, ಮೂಸಿ, ಕೇಳಿ ಕಲಿಯುವ ಹಾಗೆ ಎರಡು ಪೀರಿಯಡ್ ಮಾಡೋಣ ಅಂತಿದ್ದೇನೆ. ಹ್ಯಾಟು, ಗೌನು, ಟೀ ಪಾರ್ಟಿ ಅಂತ ಯೋಚನೆ. ಖರ್ಚು ಜಾಸ್ತಿ ಆಗಬಾರದು. ಎಲ್ಲಿಂದ ಶುರು ಮಾಡಲಿ?

ಉತ್ತರ: ಟೀ ಪಾರ್ಟಿ ಬಿಡಿ ಮೇಡಂ. ಅದು ಸ್ಕೂಲ್ ಡೇ ವೇಷ ಆಗುತ್ತೆ, ಫೋಟೊ ಚೆನ್ನಾಗಿ ಬರುತ್ತೆ, ಅಷ್ಟೇ. ಆ ಹುಡುಗ ಕೇಳಿದ್ದು ಶ್ರೀಮಂತರ ಬಿಡುವಿನ ಬಗ್ಗೆ ಅಲ್ಲ. ಶ್ರೀಮಂತರಿಗೆ ಬಿಡುವು ಯಾವಾಗಲೂ ಇತ್ತು. ಗಿರಣಿ ಕೂಲಿಯವರಿಗೆ ಅದು ಯಾವಾಗ ಸಿಕ್ಕಿತು, ಹೇಗೆ ಸಿಕ್ಕಿತು ಅನ್ನೋದೇ ಇಲ್ಲಿ ಪಾಠ. ಹಾಗಾಗಿ ಸದ್ದಿನಿಂದ ಶುರು ಮಾಡಿ.

ಎಲ್ಲರೂ ಸ್ಕೇಲಿನಿಂದ ಬೆಂಚು ಬಡಿಯಲಿ, ಒಂದೇ ತಾಳದಲ್ಲಿ, ನಿಲ್ಲಿಸದೆ. ಆ ಗದ್ದಲದ ನಡುವೆ ಇಬ್ಬರು ಹುಡುಗಿಯರು ಎದುರುಬದುರು ನಿಂತು ಮಾತಾಡಬೇಕು. ಏನೂ ಕೇಳಿಸಲ್ಲ. ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಮಗ್ಗದ ಗಿರಣಿಗಳಲ್ಲಿ ಹೀಗೇ ಇತ್ತು. ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ನಿಮ್ಮ ಹುಡುಗಿಯರೂ ಸ್ವಲ್ಪ ಹೊತ್ತಿನಲ್ಲಿ ತುಟಿ ಓದೋಕೆ ಶುರು ಮಾಡ್ತಾರೆ, ನೋಡ್ತಿರಿ. ಆಮೇಲೆ ಗಂಟೆ ಹೊಡೆಯಿರಿ. ಬಡಿತ ನಿಂತ ಕೂಡಲೇ ಕೋಣೆಯೆಲ್ಲ ನಿಶ್ಶಬ್ದ. ಶನಿವಾರ ಮಧ್ಯಾಹ್ನ ಎರಡು ಗಂಟೆ ಅಂತ ಬೋರ್ಡಿನ ಮೇಲೆ ಬರೆಯಿರಿ. 1850ರ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರನ್ನೂ ಹದಿನೆಂಟು ತುಂಬದವರನ್ನೂ ಶನಿವಾರ ಎರಡಕ್ಕೆ ಬಿಡಬೇಕು ಅಂತ ಹೇಳಿತು. ಅವರಿಲ್ಲದೆ ಗಿರಣಿ ನಡೆಸೋಕೆ ಆಗದ ಕಾರಣ ಬಹಳಷ್ಟು ಕಡೆ ಗಂಡಸರಿಗೂ ಬಿಡುವು ಸಿಕ್ಕಿತು. ಇಂಗ್ಲೆಂಡಿನ ಫುಟ್ಬಾಲ್ ಪಂದ್ಯ ಶನಿವಾರ ಮೂರಕ್ಕೆ ಅನ್ನುವ ರೂಢಿ ಬಂದದ್ದೂ ಈ ಅರ್ಧ ದಿನದ ರಜೆಯಿಂದಲೇ. ಹನ್ನೆರಡು ಕ್ಲಬ್ಬುಗಳ ಫುಟ್ಬಾಲ್ ಲೀಗ್ ಶುರುವಾದದ್ದು 1888ರಲ್ಲಿ.

ಬಿಡುವು ಸಿಕ್ಕಿತು, ಸರಿ. ಹೋಗೋದೆಲ್ಲಿಗೆ? ರೈಲು ಹತ್ತಬೇಕು. 1841ರಲ್ಲಿ ಥಾಮಸ್ ಕುಕ್ ಅನ್ನುವವನು ಲೆಸ್ಟರ್‌ನಿಂದ ಲಾಫ್‌ಬರೋಗೆ ಸುಮಾರು 500 ಜನರನ್ನು ಒಂದು ಶಿಲ್ಲಿಂಗಿಗೆ ಕರೆದುಕೊಂಡು ಹೋದ. ಆ ಕಾಲದಲ್ಲಿ ಎಷ್ಟೋ ಕಡೆ ಮೂರನೇ ದರ್ಜೆ ಅಂದರೆ ಮೇಲೆ ಚಾವಣಿ ಇಲ್ಲದ ಡಬ್ಬಿ. ಎಂಜಿನ್ನಿನ ಕಿಡಿ, ಮಸಿ, ಮಳೆ ಎಲ್ಲ ತಲೆ ಮೇಲೆ. ದಿನಕ್ಕೆ ಒಂದು ರೈಲಿನಲ್ಲಾದರೂ ಮೂರನೇ ದರ್ಜೆಗೂ ಚಾವಣಿ ಇರಲೇಬೇಕು, ಮೈಲಿಗೆ ಒಂದು ಪೆನ್ನಿ ನಾಣ್ಯಕ್ಕಿಂತ ಜಾಸ್ತಿ ತಗೋಬಾರದು ಅಂತ ಕಾನೂನು ಬಂದದ್ದು 1844ರಲ್ಲಿ. ಬೆಂಚು ಸಾಲಾಗಿ ಇಟ್ಟು ಕೂರಿಸಿ, ಮುಂದಿನವರ ಮೇಲೆ ನೀರು ಚಿಮುಕಿಸಿ, ಒಂದು ಬಿಳಿ ಕರವಸ್ತ್ರಕ್ಕೆ ಇದ್ದಿಲ ಪುಡಿ ಸವರಿ ಕೈಯಿಂದ ಕೈಗೆ ದಾಟಿಸಿ. ಸಾಕು.

ಇನ್ನು ಸಮುದ್ರ. ನಿಮ್ಮ ಮಕ್ಕಳಲ್ಲಿ ಎಷ್ಟು ಜನ ಸಮುದ್ರ ನೋಡಿದ್ದಾರೋ ಗೊತ್ತಿಲ್ಲ, ತುಂಗಭದ್ರಾ ಡ್ಯಾಮ್ ಹಿನ್ನೀರು ಅಂತೂ ನೋಡಿರ್ತಾರೆ. ಇಂಗ್ಲೆಂಡಿನ ಸಮುದ್ರ ತೀರದಲ್ಲಿ ಹೆಂಗಸರು ಚಕ್ರ ಇರುವ ಮರದ ಗೂಡಿನೊಳಗೆ ಬಟ್ಟೆ ಬದಲಿಸುತ್ತಿದ್ದರು. ಕುದುರೆ ಆ ಗೂಡನ್ನು ಎಳೆದು ನೀರಿಗೆ ತಂದು ನಿಲ್ಲಿಸಿದರೆ, ಮೆಟ್ಟಿಲು ಇಳಿದು ನೇರ ನೀರಿಗೇ. ಇದನ್ನು ಕೇಳಿದರೆ ಮಕ್ಕಳು ನಗ್ತಾರೆ, ನಗಲಿ ಬಿಡಿ. ಆಗಲೇ ಕಂಬಳಿ ತೆಗೆಯಿರಿ. ಅವರ ಈಜುಡುಗೆ ಹೆಚ್ಚಾಗಿ ಉಣ್ಣೆಯದು, ತೋಳು, ಪೈಜಾಮದಂಥ ಕಾಲು ಎಲ್ಲ ಸೇರಿ. ಒಂದು ಕಂಬಳಿ ತುಂಡನ್ನು ಮೊದಲು ಒಣಗಿದ್ದಾಗ ತೂಗಿ ಬರೆದಿಡಿ. ಬಕೆಟ್ಟಿನಲ್ಲಿ ಚೆನ್ನಾಗಿ ನೆನೆಸಿ, ಎತ್ತಿ, ಒಬ್ಬಳು ಹುಡುಗಿಯ ಭುಜದ ಮೇಲೆ ಹಾಕಿ ನಾಲ್ಕು ಹೆಜ್ಜೆ ನಡೆಸಿ. ಆಮೇಲೆ ಮತ್ತೆ ತೂಗಿ. ಆ ತೂಕ ಹೊತ್ತು ಈಜೋದು ಹೇಗೆ ಅಂತ ಅವರೇ ಕೇಳ್ತಾರೆ. ಈಜುತ್ತಿದ್ದವರು ಕಡಿಮೆ, ಹಗ್ಗ ಹಿಡಿದು ಮುಳುಗು ಹಾಕಿ ಬರುತ್ತಿದ್ದವರೇ ಜಾಸ್ತಿ.

ರುಚಿಗೆ ಕೇಕು, ಬಿಸ್ಕತ್ತು ಏನೂ ಬೇಡ. ಗೋಲಿ ಸೋಡಾ ತನ್ನಿ. ಇದು ನಮ್ಮದೇ ಅಂದುಕೊಂಡಿರ್ತಾರೆ, ಆದರೆ ಈ ಬಾಟಲಿ ಪಕ್ಕಾ ವಿಕ್ಟೋರಿಯಾ ಕಾಲದ್ದು. ಹೈರಮ್ ಕಾಡ್ ಅನ್ನುವ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಇದರ ಪೇಟೆಂಟ್ ತಗೊಂಡ. ಕುಡಿಯೋಕೆ ಮುಂಚೆ ಬಾಟಲಿಯನ್ನು ಕೈಗೆ ಕೊಡಿ. ಕತ್ತಿನ ಹತ್ತಿರ ಬೆರಳಾಡಿಸಿದರೆ ಒಳಕ್ಕೆ ಚಿವುಟಿದಂತೆ ಎರಡು ಗುಳಿ ಸಿಗುತ್ತೆ. ಬಾಯಿಯ ಒಳಗಡೆ ರಬ್ಬರ್ ಬಳೆ. ಗ್ಯಾಸ್ ಒಳಗಿನಿಂದ ಗೋಲಿಯನ್ನು ಆ ರಬ್ಬರಿಗೆ ಒತ್ತಿ ಹಿಡಿದಿರುತ್ತೆ, ಬಿರಡೆ ಬೇಕಾಗಲ್ಲ. ಹೆಬ್ಬೆರಳಿನಿಂದ ಒತ್ತಿದಾಗ ಟಕ್ ಅಂತ ಇಳಿದು ಕತ್ತಿನಲ್ಲೇ ಉಳಿಯುತ್ತೆ. ಬಗ್ಗಿಸಿದಾಗ ಆ ಗುಳಿಗಳೇ ಗೋಲಿಯನ್ನು ತಡೆದು ನಿಲ್ಲಿಸೋದು, ಇಲ್ಲದಿದ್ದರೆ ಉರುಳಿ ಬಂದು ಬಾಯಿ ಮುಚ್ಚಿಬಿಡುತ್ತೆ. ವಿಜ್ಞಾನದ ಮೇಷ್ಟ್ರನ್ನೂ ಕರೆಯಿರಿ, ಅವರಿಗೂ ಖುಷಿ. ಶುಂಠಿ ಸೋಡಾ ಸಿಕ್ಕರೆ ಇನ್ನೂ ಒಳ್ಳೆಯದು, ಲಂಡನ್ ಬೀದಿಗಳಲ್ಲಿ ಶುಂಠಿಯ ಜಿಂಜರ್ ಬಿಯರ್ ಮಾರುವವರು ಬಹಳ ಇದ್ದರು.

ಕಣ್ಣಿಗೆ ಒಂದು ಆಟಿಕೆ ಮಾಡಿಸಿ. ಹೆಸರು ಥಾಮಟ್ರೋಪ್. ಬಂದದ್ದು 1820ರ ದಶಕದಲ್ಲಿ, ಆಮೇಲೆ ವಿಕ್ಟೋರಿಯಾ ಕಾಲದ ಮಕ್ಕಳ ಕೈಯಲ್ಲೂ ಉಳಿಯಿತು. ಹಳೇ ಲಗ್ನಪತ್ರಿಕೆಯನ್ನು ದುಂಡಗೆ ಕತ್ತರಿಸಿ, ಒಂದು ಕಡೆ ಪಂಜರ, ಇನ್ನೊಂದು ಕಡೆ ಗಿಣಿ ಬರೆಸಿ. ಎಡಕ್ಕೊಂದು ಬಲಕ್ಕೊಂದು ತೂತು, ಎರಡಕ್ಕೂ ದಾರ. ದಾರ ಹೊಸೆದು ತಿರುಗಿಸಿದರೆ ಗಿಣಿ ಪಂಜರದೊಳಗೆ ಕೂತಂತೆ ಕಾಣುತ್ತೆ. ಒಂದು ವಿಷಯ ಮಾತ್ರ ಹೇಳಿರಿ: ಹಿಂದಿನ ಚಿತ್ರವನ್ನು ತಲೆಕೆಳಗಾಗಿ ಬರೆಯಬೇಕು. ಅಲ್ಲ, ಹೇಳಬೇಡಿ. ಅರ್ಧ ತರಗತಿಯ ಗಿಣಿಗಳು ಬಾವಲಿ ಥರ ನೇತಾಡಲಿ, ಯಾಕೆ ಅಂತ ಅವರೇ ಕಂಡುಕೊಳ್ಳಲಿ.

ಹುಡುಗರ ಸೈಕಲ್ ಟೈರು-ಕೋಲು, ಬುಗುರಿ, ಐದು ಕಲ್ಲಿನ ಆಟ ಎಲ್ಲವೂ ಅಲ್ಲಿ ಬೇರೆ ಬೇರೆ ರೂಪದಲ್ಲಿ ಇದ್ದವು. ಅದಕ್ಕೆ ಪೀರಿಯಡ್ ಕಳೆಯಬೇಡಿ, ಮೈದಾನದಲ್ಲಿ ಆಡ್ತಾರೆ. ಇನ್ನೊಂದು, ಅಲ್ಲಿ ಕ್ರಿಸ್‌ಮಸ್ ವೇಳೆ ದೀಪ ಆರಿಸಿ, ಬ್ರಾಂದಿಗೆ ಬೆಂಕಿ ಹಚ್ಚಿ, ಉರಿಯೊಳಗಿನ ಒಣದ್ರಾಕ್ಷಿಯನ್ನು ಬೆರಳಿನಿಂದ ಎತ್ತಿ ತಿನ್ನುವ ಆಟ ಇತ್ತು. ಸುಮ್ನೆ ಕಥೆ ಹೇಳಿ ಬಿಡಿ. ಮಾಡಿಸೋಕೆ ಹೋದರೆ ಬಿಇಒ ಆಫೀಸಿನಿಂದ ಪತ್ರ ಬರುತ್ತೆ.

ಪ್ರಶ್ನೆ: ಬಳ್ಳಾರಿಯಲ್ಲಿ ಕೂತು ಇಂಗ್ಲೆಂಡ್ ರಾಣಿ ಕಾಲದ ಮೋಜು ಕಲಿಸೋದು ಯಾಕ್ರೀ? ನಮಗೂ ಅದಕ್ಕೂ ಏನು ಸಂಬಂಧ? (ಒಬ್ಬ ಪೋಷಕರು)

ಉತ್ತರ: ಸಂಬಂಧ ಇದೆ ಸರ್, ಅದನ್ನು ಕಲಿಸದಿದ್ದರೆ ನಿಮ್ಮ ಸಿಟ್ಟು ನ್ಯಾಯವೇ. ಆಗ ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು, ರಾಯಚೂರು ಮತ್ತು ಕೊಪ್ಪಳ ನಿಜಾಮನ ಕಡೆ. 1871ರಲ್ಲಿ ಇಂಗ್ಲೆಂಡಿನಲ್ಲಿ ಬ್ಯಾಂಕ್ ಹಾಲಿಡೇ ಕಾನೂನು ಬಂತು, ದುಡಿಯುವ ಜನ ರಜೆ ದಿನ ರೈಲು ಹತ್ತಿ ಸಮುದ್ರಕ್ಕೆ ಓಡಿದರು. ಅದೇ 1871ರಲ್ಲಿ ಬಾಂಬೆ ಕಡೆಯ ರೈಲು ಹಳಿ ಮತ್ತು ಮದ್ರಾಸ್ ಕಡೆಯ ಹಳಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಅಲ್ಲಿ ಹಾಕಿದ್ದೂ ರೈಲು, ಇಲ್ಲಿ ಹಾಕಿದ್ದೂ ರೈಲು. ಇಲ್ಲಿ ಅದು ಯಾರಿಗಾಗಿ, ಏನನ್ನು ಹೊತ್ತು ಓಡಿತು ಅಂತ ಮಕ್ಕಳನ್ನು ಕೇಳಬೇಕು.

ಇನ್ನೊಂದು ವರ್ಷ ತಗೊಳ್ಳಿ, 1877. ಜನವರಿ 1ಕ್ಕೆ ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾಳನ್ನು ಭಾರತದ ಸಾಮ್ರಾಜ್ಞಿ ಅಂತ ಸಾರಿದರು. ಜುಲೈನಲ್ಲಿ ವಿಂಬಲ್ಡನ್‌ನ ಮೊದಲ ಟೆನಿಸ್ ಪಂದ್ಯಾವಳಿ. ಆಗ ಬಳ್ಳಾರಿ ಜಿಲ್ಲೆ 1876-78ರ ದೊಡ್ಡ ಬರದ ನಡುವೆ ಇತ್ತು, ಪ್ರೆಸಿಡೆನ್ಸಿಯಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆ ಸಾಕು ಅಂತ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ 1877ರಲ್ಲಿ ಕೂಲಿ ಇಳಿಸಿದ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ತಕ್ಕಡಿ ತಂದು ಅಷ್ಟು ಜೋಳ ತೂಗಿ, ಬಟ್ಟಲಲ್ಲಿ ಹಾಕಿ, ಒಬ್ಬೊಬ್ಬರ ಕೈಗೂ ಕೊಡಿ. ಮಣ್ಣು ಹೊರುವವನ ಇಡೀ ದಿನದ ಧಾನ್ಯದ ಪಾಲು ಅದು. ನಮ್ಮ ಕಡೆ ಮಕ್ಕಳಿಗೆ ಇಷ್ಟು ಜೋಳಕ್ಕೆ ಎಷ್ಟು ರೊಟ್ಟಿ ಆಗುತ್ತೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಗೋಲಿ ಸೋಡಾ ಕುಡಿಸಿದ ತರಗತಿಯಲ್ಲೇ ಇದನ್ನೂ ಮಾಡಬೇಕು, ಬೇರೆ ದಿನಕ್ಕೆ ಮುಂದೂಡಬಾರದು ಅಂತ ನನ್ನ ಹಟ.

ಪ್ರಶ್ನೆ: ಇಷ್ಟೆಲ್ಲ ಮಾಡಿದರೆ ಸಿಲಬಸ್ ಮುಗಿಯೋದು ಯಾವಾಗ? (ಮುಖ್ಯ ಶಿಕ್ಷಕರು, ಮಾನ್ವಿ)

ಉತ್ತರ: ಎಲ್ಲವನ್ನೂ ಮಾಡಬೇಡಿ. ಬೆಂಚು ಬಡಿಯೋದು, ಜೋಳ ತೂಗೋದು, ಎರಡೇ ಸಾಕು. ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತೆ.

ಪ್ರಶ್ನೆ: ನಮ್ಮ ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ಹುಡುಗ ಇದ್ದಾನೆ. ಉಳಿದವರಿಗೆ ಕಣ್ಣಿಗೆ ಬಟ್ಟೆ ಕಟ್ಟಿ ಆಡಿಸಬಹುದಾ? (ಸಿರುಗುಪ್ಪದಿಂದ ಒಬ್ಬ ಶಿಕ್ಷಕ)

ಉತ್ತರ: ಕಣ್ಣು ಕಟ್ಟಿ ಹಿಡಿಯುವ ಆಟ ಆ ಕಾಲದ ಮನೆಗಳಲ್ಲೂ ಇತ್ತು. ಆದರೆ ಅವನೆದುರು ಅದನ್ನು 'ನೋಡಿ, ಇವನಿಗೆ ಹೀಗಿರುತ್ತೆ' ಅನ್ನುವ ಹಾಗೆ ಮಾಡಿಸಬೇಡಿ. ಮೊದಲು ಅವನನ್ನೇ ಕೇಳಿ, ಬೇಡ ಅಂದರೆ ಬೇಡ. ಬ್ರೈಟನ್ ಊರಿನ ವಿಲಿಯಂ ಮೂನ್ ಅನ್ನುವವನು, ಅವನಿಗೂ ದೃಷ್ಟಿ ಹೋಗಿತ್ತು, 1845ರಲ್ಲಿ ಬೆರಳಿನಿಂದ ಓದುವ ಉಬ್ಬು ಅಕ್ಷರ ಮಾಡಿದ. ರೋಮನ್ ಅಕ್ಷರಗಳನ್ನೇ ಸರಳ ಗೆರೆಗಳಾಗಿ ಇಳಿಸಿದ್ದು ಅದು. ಕಣ್ಣು ಕಾಣದವರಿಗೂ ಬಿಡುವಿನಲ್ಲಿ ಓದಬೇಕು ಅನ್ನಿಸುತ್ತೆ ಅಲ್ವಾ, ಪುಸ್ತಕ ಬೇಕಲ್ಲ. ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ದಪ್ಪ ನೂಲಿನಿಂದ ಕನ್ನಡ ಅಕ್ಷರ ಅಂಟಿಸಿ ಒಣಗಿಸಿ. ಗ, ರ, ಠ ಥರದ ಸರಳ ಅಕ್ಷರ ಮೊದಲು. ಕ್ಷ ಬೇಡ, ಕಣ್ಣಿದ್ದವರಿಗೇ ಕಷ್ಟ. ಎಲ್ಲರೂ ಬೆರಳಿನಿಂದ ಓದಲಿ, ಆ ಹುಡುಗನಿಗೆ ಬ್ರೈಲ್ ಬರುತ್ತಿದ್ದರೆ ಯಾವುದು ಸುಲಭ, ಯಾವುದು ಕಷ್ಟ ಅಂತ ಅವನೇ ಹೇಳಲಿ. ರಟ್ಟು ಹಿಂದಿನ ದಿನವೇ ಮಾಡಿಡಿ, ಫೆವಿಕಾಲ್ ಒಣಗೋಕೆ ರಾತ್ರಿಯೆಲ್ಲ ಬೇಕು.