ತುಟಿಯ ಮೇಲಿನ ನೀಲಿ ಚುಕ್ಕೆ: ಮೊದಲು ಒತ್ತಿ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ತುಟಿಯ ಬಗ್ಗೆಯೇ ಇದ್ದವು. ನಾಲ್ವರ ತೊಂದರೆಯೂ ಬೇರೆ ಬೇರೆ. ಆದರೆ ನಾಲ್ಕೂ ಚೀಟಿಗಳಲ್ಲಿ ಒಂದೇ ಪದ: ಹಿಮಾಂಜಿಯೋಮಾ, ಅಂದರೆ ರಕ್ತನಾಳದ ಜೀವಕೋಶಗಳು ಹೆಚ್ಚಿ ಆಗುವ, ಕ್ಯಾನ್ಸರ್ ಅಲ್ಲದ ಗಡ್ಡೆ. ತುಟಿಯ ಮೇಲೆ ಕೆಂಪಗೋ ನೀಲಿಯಾಗೋ ಏನು ಕಂಡರೂ ಈ ಹೆಸರು ಬರೆದುಬಿಡುವ ಚಾಳಿ ನಮ್ಮ ವೈದ್ಯರಲ್ಲಿದೆ. ಚರ್ಮರೋಗ ಓದುವಾಗ ನಾನೂ ಬರೆದಿದ್ದೇನೆ, ಪ್ರೊಫೆಸರ್ ಹತ್ತಿರ ಬೈಸಿಕೊಂಡಿದ್ದೇನೆ. ಅದಕ್ಕೇ ನಾಲ್ಕಕ್ಕೂ ಒಟ್ಟಿಗೆ ಉತ್ತರ.

ಪ್ರಶ್ನೆ: ನನಗೆ 61 ವರ್ಷ. ಕೆಳತುಟಿಯ ಬಲಗಡೆ ಮೂರು ವರ್ಷದಿಂದ ಕಡುನೀಲಿ ಗುಳ್ಳೆ ಇದೆ. ನೋವಿಲ್ಲ. ಮೊದಲು ಗುಟ್ಕಾ ಹಾಕುತ್ತಿದ್ದೆ, ಬಿಟ್ಟು ಐದು ವರ್ಷವಾಯಿತು. ಇದು ಕ್ಯಾನ್ಸರಾ? ತೆಗೆಸಬೇಕಾ? (ಹಾವೇರಿ ಜಿಲ್ಲೆಯ ರೈತರೊಬ್ಬರು)

ನೀವು ಕಳಿಸಿದ ಫೋಟೋ ಸ್ಪಷ್ಟವಾಗಿದೆ. ಬಸಳೆ ಹಣ್ಣೊಂದನ್ನು ತುಟಿಗೆ ಅಂಟಿಸಿದ ಹಾಗೆ ಕಾಣುತ್ತದೆ. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ಅಂಚು ನುಣುಪು, ಸುತ್ತಲಿನ ತುಟಿ ಮೆತ್ತಗೆ. ಒಂದು ಕೆಲಸ ಮಾಡಿ. ಬಣ್ಣವಿಲ್ಲದ ಗಾಜಿನ ಲೋಟ ತಗೊಳ್ಳಿ. ಕನ್ನಡಿ ಮುಂದೆ ನಿಂತು ಲೋಟದ ಬದಿಯನ್ನು ಆ ಗುಳ್ಳೆಯ ಮೇಲೆ ಮೆಲ್ಲಗೆ ಒತ್ತಿ, ಹತ್ತು ಎಣಿಸಿ. ಗಾಜಿನ ಮೂಲಕ ನೋಡುತ್ತಿದ್ದ ಹಾಗೇ ನೀಲಿ ಬಣ್ಣ ಬತ್ತಿ, ಗುಳ್ಳೆ ಚಪ್ಪಟೆಯಾಗಬೇಕು. ಲೋಟ ತೆಗೆದರೆ ನಿಧಾನವಾಗಿ ಮತ್ತೆ ತುಂಬಿಕೊಳ್ಳಬೇಕು. ಕ್ಲಿನಿಕ್ಕಿನಲ್ಲಿ ನಾವು ಮಾಡುವುದೂ ಇದನ್ನೇ, ಲೋಟದ ಬದಲು ಗಾಜಿನ ಸ್ಲೈಡ್ ಹಿಡಿದು. ಡಯಾಸ್ಕೋಪಿ ಅಂತ ದೊಡ್ಡ ಹೆಸರು.

ಹೀಗೆ ಖಾಲಿಯಾಗಿ ತುಂಬಿಕೊಂಡರೆ ಅದು ಬಹುತೇಕ ವೀನಸ್ ಲೇಕ್. ರಕ್ತದ ಪುಟ್ಟ ಕೆರೆ ಅಂದುಕೊಳ್ಳಿ. 1956ರಲ್ಲಿ ಬೀನ್ ಮತ್ತು ವಾಲ್ಶ್ ಎಂಬ ಅಮೆರಿಕದ ವೈದ್ಯರು ಇದನ್ನು ಮೊದಲು ವಿವರಿಸಿದರು. ಬಿಸಿಲಲ್ಲಿ ವರ್ಷಗಟ್ಟಲೆ ದುಡಿದರೆ ಚರ್ಮದೊಳಗಿನ ಎಲಾಸ್ಟಿಕ್ ನಾರು ಸಡಿಲವಾಗುತ್ತದೆ, ಹಳೆ ಚಡ್ಡಿಯ ಎಲಾಸ್ಟಿಕ್ ಪಟ್ಟಿಯ ಹಾಗೆ. ಆಸರೆ ಹೋದ ಸಣ್ಣ ರಕ್ತನಾಳ ಉಬ್ಬಿ, ರಕ್ತ ಅಲ್ಲೇ ನಿಲ್ಲುತ್ತದೆ. ಹೊಸ ಜೀವಕೋಶ ಬೆಳೆದಿರುವುದಿಲ್ಲ. ಹಾಗಾಗಿ ಇದು ಗಡ್ಡೆಯಲ್ಲ, ಹಿಮಾಂಜಿಯೋಮಾ ಅಲ್ಲ, ಮುಂದೆ ಕ್ಯಾನ್ಸರ್ ಆಗುವ ಜಾತಿಯದೂ ಅಲ್ಲ. ಕಿವಿ ಮತ್ತು ಕೆಳತುಟಿ ಇದಕ್ಕೆ ಇಷ್ಟದ ಜಾಗ, ಬಿಸಿಲು ನೇರ ಬೀಳುವುದು ಅಲ್ಲಿಗೇ ಅಲ್ವಾ.

ಒತ್ತಿದರೂ ಬಣ್ಣ ಹೋಗದಿದ್ದರೆ? ಒಳಗೆ ರಕ್ತ ಹೆಪ್ಪುಗಟ್ಟಿದ್ದರೂ ಹಾಗಾಗುತ್ತದೆ, ತಕ್ಷಣ ಗಾಬರಿ ಬೇಡ. ಆದರೆ ಆಗ ಮನೆ ಪರೀಕ್ಷೆ ಸಾಲದು, ಡರ್ಮೋಸ್ಕೋಪ್ (ಚರ್ಮ ನೋಡುವ ಭೂತಗನ್ನಡಿ) ಇಟ್ಟು ನೋಡಬೇಕು. ಕಪ್ಪು ಬಣ್ಣ ಅಂಕುಡೊಂಕಾಗಿ ಹರಡಿದ್ದರೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಗಟ್ಟಿಯಾಗಿದ್ದರೆ, ಮೇಲೆ ಬಿಳಿ ಪೊರೆ ಇದ್ದರೆ, ಎರಡು ಮೂರು ವಾರವಾದರೂ ಆರದ ಹುಣ್ಣಾಗಿದ್ದರೆ ಬಯಾಪ್ಸಿ. ಬೆರಳಿಟ್ಟಾಗ ನಾಡಿಯ ಹಾಗೆ ಮಿಡಿದರೆ ಮಾತ್ರ ಯಾರಿಗೂ ಕತ್ತರಿ ಹಾಕಲು ಬಿಡಬೇಡಿ. ಕೆಲವರಿಗೆ ತುಟಿಯ ಧಮನಿ ಕವಲೊಡೆದು ಸಣ್ಣದಾಗದೆ ದಪ್ಪಗೇ ಮೇಲಕ್ಕೆ ಬಂದಿರುತ್ತದೆ. ಕ್ಯಾನ್ಸರ್ ಅಂದುಕೊಂಡು ಅದನ್ನು ಕೊಯ್ದರೆ ರಕ್ತ ಚಿಮ್ಮುತ್ತದೆ. ಮೊದಲು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್.

ಇನ್ನು ಗುಟ್ಕಾ. ಈ ಗುಳ್ಳೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅಷ್ಟು ವರ್ಷ ಹಾಕಿದ ಬಾಯಿ ಅಲ್ವಾ, ಬಂದಾಗ ಕೆನ್ನೆಯ ಒಳಬದಿ, ನಾಲಿಗೆಯ ಅಂಚು ಎಲ್ಲ ತೋರಿಸಿ. ನನಗೆ ನಿಮ್ಮ ನೀಲಿ ಚುಕ್ಕೆಗಿಂತ ಅದನ್ನು ನೋಡುವುದೇ ಮುಖ್ಯ.

ತೆಗೆಸಲೇಬೇಕು ಅಂತಿಲ್ಲ. ಹಲ್ಲಿಗೆ ಸಿಕ್ಕಿ ರಕ್ತ ಬರುತ್ತಿದ್ದರೆ, ಇಲ್ಲವೇ ನೋಡಲು ಬೇಸರವಾಗುತ್ತಿದ್ದರೆ ತೆಗೆಸಿ. ನನ್ನ ಮೊದಲ ಆಯ್ಕೆ 1064 ನ್ಯಾನೋಮೀಟರಿನ ಲಾಂಗ್ ಪಲ್ಸ್ ಎನ್‌ಡಿ-ಯಾಗ್ ಲೇಸರ್. ಅದು ಆಳಕ್ಕೆ ಇಳಿಯುತ್ತದೆ, ನಮ್ಮ ಕಂದು ಚರ್ಮದ ಬಣ್ಣಕ್ಕೆ ಕಡಿಮೆ ಕೈ ಹಾಕುತ್ತದೆ. 595ರ ಪಲ್ಸ್ಡ್ ಡೈ ಲೇಸರ್ ಮೇಲ್ಪದರದ ಕೆಂಪಿಗೆ ಒಳ್ಳೆಯದು, ಇಷ್ಟು ದಪ್ಪದ ಕೆರೆಯ ತಳ ಮುಟ್ಟುವುದು ಕಷ್ಟ.

ಕೆಲಸ ಹೀಗೆ. ಕಣ್ಣಿಗೆ ಕವಚ. ತುಟಿಗೂ ಹಲ್ಲಿಗೂ ನಡುವೆ ಒದ್ದೆ ಬ್ಯಾಂಡೇಜ್ ಬಟ್ಟೆ, ಲೇಸರ್ ಹಲ್ಲಿಗೆ ತಾಗಬಾರದು. ಗುಳ್ಳೆಯನ್ನು ಗಾಜಿನಿಂದ ಅರ್ಧ ಚಪ್ಪಟೆ ಮಾಡಿ ಒಂದೆರಡು ಪಲ್ಸ್. ಕಣ್ಣೆದುರೇ ನೀಲಿ ಹೋಗಿ ಬೂದಿ ಬಣ್ಣಕ್ಕೆ ತಿರುಗಿ ಕುಗ್ಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. 'ಇನ್ನೊಂದು ಹೊಡೆಯೋಣ' ಅನ್ನುವ ಆಸೆಗೆ ಬಿದ್ದರೆ ತುಟಿಯಲ್ಲಿ ಗುಳಿ ಉಳಿಯುತ್ತದೆ. ಎರಡು ಮೂರು ದಿನ ತುಟಿ ಊದಿ ಜೇನು ಕಚ್ಚಿದ ಹಾಗಿರುತ್ತದೆ, ಆಮೇಲೆ ಹಕ್ಕಳೆ ಕಟ್ಟಿ ಎರಡರಿಂದ ನಾಲ್ಕು ವಾರದಲ್ಲಿ ಆರುತ್ತದೆ. ಕೆಲವರಿಗೆ ತಿಂಗಳ ನಂತರ ಇನ್ನೊಂದು ಸಲ ಬೇಕು. ತುಟಿಯಲ್ಲಿ ಪದೇ ಪದೇ ಹರ್ಪಿಸ್ ಗುಳ್ಳೆ ಏಳುತ್ತಿದ್ದರೆ, ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ಹೇಳಿ. ಲೇಸರ್ ಹತ್ತಿರ ಇಲ್ಲದಿದ್ದರೆ ನಾಳ ಮುಚ್ಚಿಸುವ ಪೊಲಿಡೊಕನಾಲ್ ಚುಚ್ಚುಮದ್ದೂ ಆಗುತ್ತದೆ, ಖರ್ಚು ಕಡಿಮೆ. ಕೊಯ್ದು ತೆಗೆಯುವುದು ನನ್ನ ಪಟ್ಟಿಯಲ್ಲಿ ಕೊನೆಗೆ.

ತಲೆಗೆ ಟವೆಲ್ ಸುತ್ತಿದರೆ ನೆತ್ತಿಗೆ ನೆರಳು, ತುಟಿಗಲ್ಲ. ಅಂಚಿರುವ ಟೋಪಿ ಹಾಕಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕೂತು ಅಮೆರಿಕದ ಕ್ಲಿನಿಕ್ಕುಗಳಿಗೆ ಮೆಡಿಕಲ್ ಕೋಡಿಂಗ್ (ವಿಮೆ ಬಿಲ್ಲಿಗಾಗಿ ರೋಗ, ಚಿಕಿತ್ಸೆಗಳಿಗೆ ಕೋಡ್ ಹಾಕುವ ಕೆಲಸ) ಮಾಡುತ್ತೇನೆ. ಡಾಕ್ಟರ್ ನೋಟ್‌ನಲ್ಲಿ 'ಹಿಮಾಂಜಿಯೋಮಾ / ವೀನಸ್ ಲೇಕ್, ಕೆಳತುಟಿ, ಲೇಸರ್' ಎಂದಿತ್ತು. ಹಿಮಾಂಜಿಯೋಮಾದ ಕೋಡ್ ಡಿ 18.01 ಹಾಕಿದೆ. ಆಡಿಟ್‌ನಲ್ಲಿ ತಪ್ಪು ಅಂದರು. ಯಾಕೆ?

ನಾನು ಕೋಡರ್ ಅಲ್ಲ. ಆದರೆ ಈ ತಪ್ಪಿನ ಬೇರು ನಿಮ್ಮಲ್ಲಿಲ್ಲ, ನಮ್ಮ ಕೈಬರಹದಲ್ಲಿದೆ. ರೋಗಗಳ ಕೋಡ್ ಪಟ್ಟಿಯಾದ ಐಸಿಡಿ-10ರಲ್ಲಿ ಡಿ 18 ಇರುವುದು ಗಡ್ಡೆಗಳ ಅಧ್ಯಾಯದಲ್ಲಿ. ವೀನಸ್ ಲೇಕ್ ಉಬ್ಬಿದ ರಕ್ತನಾಳ, ಗಡ್ಡೆಯಲ್ಲ. ಬಾಸ್ಟನ್‌ನ ಸಂಶೋಧಕರಾದ ಮುಲ್ಲಿಕೆನ್ ಮತ್ತು ಗ್ಲೊವಾಕಿ 1982ರಲ್ಲೇ ಗೆರೆ ಎಳೆದರು: ಜೀವಕೋಶ ಹೆಚ್ಚುತ್ತಿದ್ದರೆ ಹಿಮಾಂಜಿಯೋಮಾ, ನಾಳದ ಆಕಾರವೇ ಕೆಟ್ಟಿದ್ದರೆ ಮಾಲ್‌ಫಾರ್ಮೇಶನ್. ನಾಲ್ಕು ದಶಕ ದಾಟಿದರೂ ನಾವು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ.

ಐಸಿಡಿ-10ರಲ್ಲಿ ವೀನಸ್ ಲೇಕ್‌ಗೆಂದೇ ಪ್ರತ್ಯೇಕ ಕೋಡ್ ಇಲ್ಲ. ಬೇರೆ ಜಾಗದ ಉಬ್ಬಿದ ರಕ್ತನಾಳ ಎಂಬ ಅರ್ಥದಲ್ಲಿ ಐ 86.8 ಹಾಕುವವರಿದ್ದಾರೆ, ತುಟಿಯ ರೋಗ ಎಂದು ಕೆ 13.0 ಹಾಕುವವರೂ ಇದ್ದಾರೆ. ವೈದ್ಯನ ಕಣ್ಣಿಗೆ ಮೊದಲನೆಯದು ನಿಜಕ್ಕೆ ಹತ್ತಿರ. ನಿಮ್ಮ ಪೇಯರ್, ಅಂದರೆ ಹಣ ಕೊಡುವ ವಿಮಾ ಕಂಪನಿ, ಯಾವುದನ್ನು ಒಪ್ಪುತ್ತದೆ ಎನ್ನುವುದೇ ಕೊನೆಯ ಮಾತು. ಒಂದು ಮಾತ್ರ ಖಚಿತ: ನೋಟ್‌ನಲ್ಲಿ ಓರೆಗೆರೆ ಹಾಕಿ ಎರಡು ರೋಗ ಬರೆದಿದ್ದರೆ ನೀವು ಒಂದನ್ನು ಆರಿಸಬೇಡಿ, ಡಾಕ್ಟರಿಗೆ ಕ್ವೆರಿ ಹಾಕಿ. ಬೈದುಕೊಂಡರೂ ಉತ್ತರ ಬರೆಯುತ್ತಾರೆ.

ಲೇಸರ್ ಕೋಡಿನಲ್ಲೂ ಇದೇ ಜಗಳ. ಅಮೆರಿಕದ ಚಿಕಿತ್ಸಾ ಕೋಡ್ ಪಟ್ಟಿ ಸಿಪಿಟಿಯಲ್ಲಿ 17106 ಇರುವುದು 10 ಚದರ ಸೆಂಟಿಮೀಟರಿಗಿಂತ ಚಿಕ್ಕದಾದ, ಚರ್ಮದಲ್ಲಿ 'ಪ್ರೊಲಿಫೆರೇಟಿವ್' ಆಗಿರುವ, ಅಂದರೆ ಬೆಳೆಯುವ ರಕ್ತನಾಳದ ಗಂಟಿಗೆ. ಅಂಥವನ್ನು ಬಿಟ್ಟು ಉಳಿದ ಸಾಧು, ಅಂದರೆ ಕ್ಯಾನ್ಸರ್ ಅಲ್ಲದ, ಗಂಟುಗಳಿಗೆ 17110. ಬೆಳೆಯದ ಕೆರೆಗೆ ಯಾವುದು ಅಂತ ಕೇಳಿದರೆ ನಾನು ಎರಡನೆಯದರ ಕಡೆ ವಾಲುತ್ತೇನೆ. ಇದೂ ಪೇಯರ್ ನಿಯಮಕ್ಕೆ ಒಳಪಟ್ಟದ್ದೇ. ತುಟಿಯ ಬಯಾಪ್ಸಿ ಮಾಡಿದ್ದರೆ 40490. ಬಯಾಪ್ಸಿ ವರದಿ ಬರುವ ಮುಂಚೆ ಡಿ 37.01 (ತುಟಿಯ 'ಅನ್‌ಸರ್ಟನ್' ಗಡ್ಡೆ) ಹಾಕುವ ತಪ್ಪು ಜಾಸ್ತಿ ನಡೆಯುತ್ತದಂತೆ. ಅಲ್ಲಿ 'ಅನ್‌ಸರ್ಟನ್' ಎಂದರೆ ಡಾಕ್ಟರಿಗೆ ಗೊತ್ತಿಲ್ಲ ಎಂದಲ್ಲ, ಪೆಥಾಲಜಿಸ್ಟ್ ನೋಡಿಯೂ ಸಾಧುವೋ ಅಲ್ಲವೋ ಹೇಳಲಾಗಲಿಲ್ಲ ಎಂದರ್ಥ.

ನಮ್ಮ ದೇಶದ ವಿಮೆ ಇದಕ್ಕೆ ಹಣ ಕೊಡುತ್ತದಾ ಎಂದೂ ಕೇಳಿದ್ದೀರಿ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಹೊರಗಿಡಲು ಒಪ್ಪಿರುವ ಪಟ್ಟಿಯಲ್ಲಿ ಅಂದ ಬದಲಿಸುವ ಚಿಕಿತ್ಸೆಯೂ ಇದೆ. ರಕ್ತ ಸೋರುತ್ತಿತ್ತು, ವೈದ್ಯಕೀಯವಾಗಿ ಅಗತ್ಯವಿತ್ತು ಎಂದು ಡಾಕ್ಟರ್ ಬರೆದುಕೊಡದಿದ್ದರೆ ತುಟಿಯ ಲೇಸರ್ ಅದರೊಳಗೇ ಬೀಳುತ್ತದೆ. ನಿಜವಾಗಿ ಸೋರುತ್ತಿದ್ದರೆ ಮಾತ್ರ ಬರೆಸಿಕೊಳ್ಳಿ.

ಪ್ರಶ್ನೆ: ಏಳು ತಿಂಗಳ ಗರ್ಭಿಣಿ. ಮೇಲ್ತುಟಿಯ ಒಳಬದಿಯಲ್ಲಿ ಒಂದೇ ತಿಂಗಳಲ್ಲಿ ಕಡಲೆಕಾಳಿನಷ್ಟು ಕೆಂಪು ಗಂಟು ಬೆಳೆದಿದೆ. ರೊಟ್ಟಿ ತಿಂದರೂ ರಕ್ತ. ಸುಣ್ಣ ಹಚ್ಚಿದರೆ ಉದುರುತ್ತದೆ ಅಂತಾರೆ ಮನೆಯಲ್ಲಿ. (ಕಲಬುರಗಿ)

ಸುಣ್ಣ ಬೇಡ, ದಯವಿಟ್ಟು. ಗಂಟಿನ ಜೊತೆ ತುಟಿಯೂ ಸುಡುತ್ತದೆ. ದಾರ ಕಟ್ಟುವುದೂ ಬೇಡ.

ವಾರಗಳಲ್ಲಿ ಬೆಳೆದು, ಮುಟ್ಟಿದರೆ ರಕ್ತ ಸುರಿಸುವ ಗಂಟು ಸಾಮಾನ್ಯವಾಗಿ ಪಯೋಜೆನಿಕ್ ಗ್ರಾನ್ಯುಲೋಮಾ. ಹೆಸರೇ ಸುಳ್ಳು. ಪಯೋಜೆನಿಕ್ ಎಂದರೆ ಕೀವು ತರುವ, ಗ್ರಾನ್ಯುಲೋಮಾ ಎಂದರೆ ಉರಿಯೂತದ ಗಂಟು. ಇಲ್ಲಿ ಕೀವೂ ಇಲ್ಲ, ಗ್ರಾನ್ಯುಲೋಮಾವೂ ಅಲ್ಲ. 1897ರಲ್ಲಿ ಪೊನ್ಸೆ ಮತ್ತು ಡೊರ್ ಎಂಬ ಫ್ರೆಂಚ್ ವೈದ್ಯರು ಇದನ್ನು ಸೋಂಕು ಅಂದುಕೊಂಡಿದ್ದರು, ಆ ತಪ್ಪಿನ ನೆರಳು ಹೆಸರಿನಲ್ಲಿ ಉಳಿದಿದೆ. ನಿಜಕ್ಕೆ ಇದು ಸಣ್ಣ ರಕ್ತನಾಳಗಳ ಗೊಂಚಲು, ಹಾಗಾಗಿ ನಿಮ್ಮ ಚೀಟಿಯ 'ಹಿಮಾಂಜಿಯೋಮಾ' ಅರ್ಧ ಸರಿ. ಗರ್ಭಿಣಿಯರಲ್ಲಿ ಹಾರ್ಮೋನಿನಿಂದ ವಸಡಿನಲ್ಲೂ ತುಟಿಯಲ್ಲೂ ಏಳುತ್ತದೆ. ಮಗುವಿಗೆ ಏನೂ ಆಗುವುದಿಲ್ಲ.

ರಕ್ತ ಬಂದಾಗ ಶುಭ್ರ ಬಟ್ಟೆ ಒತ್ತಿ ಹಿಡಿದು ಹದಿನೈದು ನಿಮಿಷ ಬಿಡಬೇಡಿ. ನಿಂತಿತಾ ಅಂತ ನಡುನಡುವೆ ಎತ್ತಿ ನೋಡಿದರೆ ನಿಲ್ಲುವುದಿಲ್ಲ, ಎಲ್ಲರೂ ಮಾಡುವ ತಪ್ಪು ಅದೇ. ಹೆರಿಗೆಯ ನಂತರ ಕೆಲವು ತಾವಾಗಿ ಕುಗ್ಗುತ್ತವೆ, ಸಹಿಸಲಾದರೆ ಕಾಯಬಹುದು. ನಿಮ್ಮದು ಊಟಕ್ಕೇ ಅಡ್ಡಿಯಾಗಿದೆ. ಜಾಗವಷ್ಟೇ ಮರಗಟ್ಟಿಸಿ ಕೆರೆದು ಬುಡ ಸುಟ್ಟರೆ ಮುಗಿಯಿತು. ನಿಮ್ಮ ಹೆರಿಗೆ ಡಾಕ್ಟರಿಗೆ ತಿಳಿಸಿ ಮಾಡಿಸಿ. ತೆಗೆದ ತುಂಡನ್ನು ಕಸಕ್ಕೆ ಹಾಕಲು ಬಿಡಬೇಡಿ, ಪೆಥಾಲಜಿಗೆ ಹೋಗಲೇಬೇಕು. ಅಪರೂಪಕ್ಕೆ ಬಣ್ಣವಿಲ್ಲದ ಮೆಲನೋಮಾ ಥೇಟ್ ಹೀಗೇ ಕಾಣುತ್ತದೆ. ಹೆರಿಗೆಗೆ ಮುಂಚೆ ತೆಗೆಸಿದ್ದು ಮತ್ತೆ ಮೊಳೆತರೆ ಡಾಕ್ಟರನ್ನು ಬೈಯಬೇಡಿ, ಹಾರ್ಮೋನು ಇನ್ನೂ ಇದೆಯಲ್ಲ.

(ಮೇಲಿನ ಕೋಡಿಂಗ್ ಓದುಗರಿಗೆ: ಇದೇ ಗಂಟು ಚರ್ಮದಲ್ಲಿದ್ದರೆ ಎಲ್ 98.0, ಬಾಯಿಯ ಒಳಪೊರೆಯಲ್ಲಿದ್ದರೆ ಕೆ 13.4, ವಸಡಿನಲ್ಲಿದ್ದರೆ ಕೆ 06.8. ತುಟಿಯಲ್ಲಿ ಒಳಗೋ ಹೊರಗೋ ಎನ್ನುವುದನ್ನು ನೋಟ್‌ನಲ್ಲಿ ಹುಡುಕಿ.)

ಪ್ರಶ್ನೆ: ನಮ್ಮ ಮಗುವಿಗೆ ಆರು ವಾರ. ಹುಟ್ಟಿದಾಗ ಕೆಳತುಟಿಯಲ್ಲಿ ಏನೂ ಇರಲಿಲ್ಲ. ಈಗ ಕೆಂಪಗೆ ಉಬ್ಬುತ್ತಿದೆ. ದೊಡ್ಡವನಾದರೆ ತಾನೇ ಹೋಗುತ್ತದೆ, ಸುಮ್ನೆ ಬಿಡಿ ಎಂದಿದ್ದಾರೆ. (ದುಬೈನಲ್ಲಿರುವ ಕುಂದಾಪುರದ ತಾಯಿ)

ನಿಮಗೆ ಉತ್ತರವನ್ನು ಪತ್ರ ಬಂದ ದಿನವೇ ಕಳಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಬೇರೆ ತಾಯಂದಿರಿಗಾಗಿ. ನಾಲ್ವರಲ್ಲಿ ಚೀಟಿಯ ಹೆಸರು ಪೂರ್ತಿ ಸರಿ ಇರುವುದು ಈ ಮಗುವಿಗೆ ಮಾತ್ರ. ಇದು ಶಿಶುಗಳ ಹಿಮಾಂಜಿಯೋಮಾ, ಮತ್ತು ಸುಮ್ನೆ ಬಿಡಬಾರದ್ದೂ ಇದೊಂದೇ.

ಬೆನ್ನಿನ ಮೇಲೋ ತೊಡೆಯ ಮೇಲೋ ಇದ್ದಿದ್ದರೆ ನಾನೂ ಕಾಯೋಣ ಅನ್ನುತ್ತಿದ್ದೆ. ತುಟಿಯಲ್ಲಿ ಅದು ಹುಣ್ಣಾಗುತ್ತದೆ, ಹಾಲು ಕುಡಿಯುವಾಗ ನೋಯುತ್ತದೆ, ತುಟಿಯ ಅಂಚು ಒಮ್ಮೆ ಕೆಟ್ಟರೆ ಮೊದಲಿನ ಹಾಗಾಗುವುದು ಕಷ್ಟ. ಅತಿ ವೇಗವಾಗಿ ಬೆಳೆಯುವುದು ಐದರಿಂದ ಏಳು ವಾರದ ನಡುವೆ, ಅಂದರೆ ಈಗಲೇ. ಅಮೆರಿಕದ ಮಕ್ಕಳ ವೈದ್ಯರ ಸಂಘದ 2019ರ ಮಾರ್ಗಸೂಚಿ ಇಂಥ ಮಕ್ಕಳನ್ನು ತಿಂಗಳು ತುಂಬುವುದರೊಳಗೇ ತಜ್ಞರಿಗೆ ತೋರಿಸಿ ಎನ್ನುತ್ತದೆ.

ಔಷಧಿ ಪ್ರೊಪ್ರನೊಲಾಲ್, ಬಿಪಿಯ ಹಳೆ ಮಾತ್ರೆ. 2008ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ಹೃದಯದ ತೊಂದರೆಗೆಂದು ಅದನ್ನು ಕೊಟ್ಟಾಗ ಮಗುವಿನ ಹಿಮಾಂಜಿಯೋಮಾ ಕುಗ್ಗಿದ್ದನ್ನು ಕಂಡು ವರದಿ ಮಾಡಿದರು. ಈಗ ಅದೇ ಮೊದಲ ಚಿಕಿತ್ಸೆ. ತೂಕ ನೋಡಿ, ಹೃದಯ ಪರೀಕ್ಷಿಸಿ ಡಾಕ್ಟರೇ ಶುರು ಮಾಡಬೇಕು. ತಾಯಿ ನೆನಪಿಡಬೇಕಾದ್ದು ಒಂದು: ಹೊಟ್ಟೆ ತುಂಬ ಹಾಲು ಕುಡಿದ ಮೇಲೆಯೇ ಡೋಸ್. ವಾಂತಿಯಾಗುತ್ತಿದ್ದರೆ, ಮಗು ಹಾಲು ಬಿಟ್ಟರೆ ಆ ಹೊತ್ತಿನ ಡೋಸ್ ಕೊಡದೆ ಡಾಕ್ಟರಿಗೆ ಫೋನ್ ಮಾಡಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಸಕ್ಕರೆ ಇಳಿದು ಮಗು ಮಂಕಾಗುತ್ತದೆ.

ತುಟಿಯ ಜೊತೆ ಗಲ್ಲ, ದವಡೆ, ಕುತ್ತಿಗೆಯಲ್ಲೂ ಕೆಂಪು ಹರಡಿ, ಅಳುವ ದನಿ ಒಡೆದಿದ್ದರೆ ಅಥವಾ ಉಸಿರಾಡುವಾಗ ಸದ್ದು ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಶ್ವಾಸನಾಳದ ಒಳಗೂ ಇದೇ ಬೆಳೆಯುತ್ತಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.